ಅಂಗವಿಕಲರ ಬಗ್ಗೆ ಸರ್ವೆ, ವರದಿ ಮಾಡಿದರೆ ಅವರಿಗೇನು ಸಿಗುತ್ತೆ? ಪ್ರಾಜೆಕ್ಟ್‌ಗೆ ಸಲಹೆ ಬೇಕು

ಮಲೆನಾಡ ಹುಡುಗಿ:
ಎಲ್ಲರಿಗೂ ನಮಸ್ಕಾರ. ಶಿವಮೊಗ್ಗದಲ್ಲಿ ಎಂ.ಎಸ್.ಡಬ್ಲ್ಯೂ (ಸಮಾಜಕಾರ್ಯ ಸ್ನಾತಕೋತ್ತರ) ಕೊನೇ ವರ್ಷ ಓದುತ್ತಿದ್ದೇನೆ. ಪ್ರಾಜೆಕ್ಟ್‌ಗೆ ಅಂಗವಿಕಲರ ಯೋಜನೆಗಳ ವಿಷಯ ಆರಿಸಿಕೊಂಡಿದ್ದೇನೆ. ನಮ್ಮ ಚಿಕ್ಕಪ್ಪನಿಗೆ ದೃಷ್ಟಿ ತುಂಬಾ ಕಡಿಮೆ, ಸಂಜೆ ಆದಮೇಲೆ ಅಂಗಳ ದಾಟುವುದಿಲ್ಲ. ಪ್ರಶ್ನೆಗಳ ಹಾಳೆ ಹಿಡಿದು ಅವರ ಹತ್ತಿರ ಕೂತೆ. "ಬರ್ಕೊಂಡು ಹೋಗಿ ಏನ್ಮಾಡ್ತೀಯ ಮಗಳೇ? ಹಿಂದೆ ಬಂದೋರೂ ಬರ್ಕೊಂಡೇ ಹೋದ್ರು" ಅಂದರು. ಏನು ಹೇಳಬೇಕೋ ಗೊತ್ತಾಗಲಿಲ್ಲ. ಇಂಥ ಅಧ್ಯಯನದಿಂದ ಯಾರ ಬದುಕಾದರೂ ನಿಜವಾಗಿ ಸುಧಾರಿಸಿದೆಯಾ? ಗೊತ್ತಿದ್ದವರು ದಯವಿಟ್ಟು ತಿಳಿಸಿ.

ಊರುಗೋಲು:
ತಂಗಿ, ನಾನು ಕೊಪ್ಪಳ ಕಡೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ ವಿ.ಆರ್.ಡಬ್ಲ್ಯೂ, ಅಂದರೆ ಅಂಗವಿಕಲರಿಗಾಗಿ ಕೆಲಸ ಮಾಡುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತ. ಪೋಲಿಯೊದಿಂದ ನನ್ನ ಎಡಗಾಲಿಗೆ ಬಲವಿಲ್ಲ. ಮನೆ ಮನೆ ತಿರುಗಿ ಬರೆದುಕೊಳ್ಳುವುದೇ ನನ್ನ ಕೆಲಸ, ಹಾಗಾಗಿ ನಿಮ್ಮ ಚಿಕ್ಕಪ್ಪನ ಮಾತು ದಿನಾ ಕೇಳುತ್ತೇನೆ.

ಎಣಿಕೆಯಿಂದಲೇ ಶುರು ಮಾಡೋಣ. 1991ರ ಜನಗಣತಿಯಲ್ಲಿ ನಮ್ಮ ಬಗ್ಗೆ ಪ್ರಶ್ನೆಯೇ ಇರಲಿಲ್ಲ. ಅಂಗವಿಕಲರ ಹಕ್ಕುಗಳ ಹೋರಾಟಗಾರ ಜಾವೇದ್ ಅಬಿದಿ ಮತ್ತು ಅವರ ಜೊತೆಗಾರರು ಪಟ್ಟು ಹಿಡಿದು ಹೋರಾಡಿದ ಮೇಲೆ 2001ರಲ್ಲಿ ಅದು ಮತ್ತೆ ಸೇರಿತು. 2011ರಲ್ಲಿ ದೇಶದಲ್ಲಿ 2.68 ಕೋಟಿ, ಅಂದರೆ ಶೇ 2.21 ಜನ ಅಂತ ಲೆಕ್ಕ ಬಂತು. ಕರ್ನಾಟಕದಲ್ಲಿ 13 ಲಕ್ಷ ಚಿಲ್ಲರೆ. ಹಳ್ಳಿ ತಿರುಗುವ ನನಗೆ ಇದು ತೀರಾ ಕಡಿಮೆ ಅನ್ನಿಸುತ್ತದೆ. ಯಾಕೆ ಅಂತ ಹೇಳುತ್ತೇನೆ.

"ಮನೆಯಾಗ ಅಂಗವಿಕಲರು ಯಾರಾದ್ರೂ ಅದಾರೇನ್ರೀ?" ಅಂತ ಬಾಗಿಲಲ್ಲಿ ನಿಂತು ಕೇಳಿದರೆ ಯಜಮಾನ ತಕ್ಷಣ "ಯಾರೂ ಇಲ್ರೀ" ಅನ್ನುತ್ತಾನೆ. ಅವನ ಹಿಂದೆಯೇ ಮುದುಕಿಯೊಬ್ಬಳು ಗೋಡೆ ಸವರಿಕೊಂಡು ನಡುಮನೆಗೆ ಹೋಗುತ್ತಿರುತ್ತಾಳೆ. ಅದು ಅವರಿಗೆ ವಯಸ್ಸಿನ ತೊಂದರೆ ಅಷ್ಟೇ. ಮದುವೆಗೆ ಬಂದ ಮಗಳಿದ್ದರಂತೂ ಬಾಯಿ ಬಿಡುವುದೇ ಇಲ್ಲ.

ವಾಷಿಂಗ್ಟನ್ ಗ್ರೂಪ್ ಅಂತ ವಿಶ್ವಸಂಸ್ಥೆಯ ಅಡಿಯಲ್ಲಿ 2001ರಲ್ಲಿ ಶುರುವಾದ ಒಂದು ಗುಂಪಿದೆ. ಅವರು ಆರು ಪ್ರಶ್ನೆ ರೂಪಿಸಿದ್ದಾರೆ. ಕನ್ನಡಕ ಹಾಕಿದರೂ ನೋಡೋಕೆ ಕಷ್ಟ ಆಗುತ್ತಾ? ಕಿವಿ ಮಷೀನು ಇದ್ದರೂ ಕೇಳೋಕೆ? ನಡೆಯೋಕೆ, ಮೆಟ್ಟಿಲು ಹತ್ತೋಕೆ? ನೆನಪಿಟ್ಟುಕೊಳ್ಳೋಕೆ, ಗಮನ ಕೊಡೋಕೆ? ಸ್ನಾನ, ಬಟ್ಟೆಗೆ? ಮಾತಾಡಿ ತಿಳಿಸೋಕೆ? ಉತ್ತರ ನಾಲ್ಕೇ: ಕಷ್ಟ ಇಲ್ಲ, ಸ್ವಲ್ಪ, ತುಂಬಾ, ಆಗೋದೇ ಇಲ್ಲ. ಒಂದರಲ್ಲಾದರೂ 'ತುಂಬಾ' ಅಥವಾ 'ಆಗೋದೇ ಇಲ್ಲ' ಅಂದರೆ ಲೆಕ್ಕಕ್ಕೆ ಬರುತ್ತಾರೆ. ಹೀಗೆ ಕೇಳಿ ನೋಡಿ. ಅದೇ ಯಜಮಾನ "ಅವ್ವಗ ಭಾಳ ತ್ರಾಸ್ ಐತ್ರೀ, ಅಕ್ಕಿಯಾಗಿನ ಹಳ್ಳು ಕಾಣಂಗಿಲ್ಲ" ಅಂತ ತಾನೇ ಹೇಳಿದ. ಆ ಅವ್ವನ ಹೆಸರು ಕಣ್ಣಿನ ಕ್ಯಾಂಪಿನ ಪಟ್ಟಿಗೆ ಸೇರಿತು. ಪ್ರಶ್ನೆ ಹೇಗೆ ಕೇಳಬೇಕು ಅಂತ ಯಾರೋ ಕೂತು ಯೋಚಿಸಿದ್ದರ ಫಲ ಇದು.

ಎರಡು ಎಚ್ಚರಿಕೆ. ಈ ಆರು ಪ್ರಶ್ನೆಗೆ ಮಾನಸಿಕ ಕಾಯಿಲೆಯವರು ಹೆಚ್ಚಾಗಿ ಸಿಗುವುದಿಲ್ಲ. ಮತ್ತೆ, ಇದರಲ್ಲಿ ಬಂದವರಿಗೆಲ್ಲ ಯುಡಿಐಡಿ ಕಾರ್ಡಿನ (ಸರ್ಕಾರ ಕೊಡುವ ಅಂಗವಿಕಲರ ಗುರುತಿನ ಚೀಟಿ) ಸೌಲಭ್ಯ ಸಿಗುತ್ತೆ ಅಂತ ಆಸೆ ಹುಟ್ಟಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಮೀಸಲಾತಿಯಂಥವಕ್ಕೆ ಅಂಗವಿಕಲತೆ ಶೇ 40 ಆದರೂ ಇರಬೇಕು, ಅದನ್ನು ಡಾಕ್ಟರೇ ಬರೆಯಬೇಕು.

ಗಾಲಿಕುರ್ಚಿ ಬೆಂಗಳೂರು:
ಕೋರ್ಟಿನ ಉದಾಹರಣೆ ಕೊಡುತ್ತೇನೆ. ರಸ್ತೆ, ಕಟ್ಟಡ, ಸಾರಿಗೆ ನಮಗೂ ಬಳಸಲು ಬರಬೇಕು ಅಂತ ರಾಜೀವ್ ರತೂರಿ 2005ರಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಅವರಿಗೆ ಕಣ್ಣು ಕಾಣುವುದಿಲ್ಲ. 2017ರಲ್ಲಿ ಆದೇಶ ಬಂದರೂ ಕೆಲಸ ಕುಂಟುತ್ತಾ ಹೋಯಿತು. 2023ರಲ್ಲಿ ಕೋರ್ಟು ಹೈದರಾಬಾದಿನ ನಲ್ಸಾರ್ ಕಾನೂನು ವಿಶ್ವವಿದ್ಯಾಲಯದ ಅಂಗವಿಕಲತೆ ಅಧ್ಯಯನ ಕೇಂದ್ರಕ್ಕೆ ವರದಿ ಕೊಡಿ ಅಂತ ಹೇಳಿತು. ಆ ಕೇಂದ್ರದ ಅಮಿತಾ ಢಾಂಡಾ ಅವರ ತಂಡ ಕೊಟ್ಟ ವರದಿ ಒಂದು ದೊಡ್ಡ ತೂತು ತೋರಿಸಿತು. 2016ರ ಕಾಯ್ದೆ 'ಮಾಡಲೇಬೇಕು' ಅನ್ನುತ್ತದೆ, ಅದರಡಿ ಮಾಡಿದ 2017ರ ನಿಯಮ 15 ಮಾತ್ರ ಬರೀ ಮಾರ್ಗಸೂಚಿ ಕೊಟ್ಟು ಕೈ ತೊಳೆದುಕೊಂಡಿತ್ತು. 2024ರ ನವೆಂಬರ್ 8ರಂದು ಕೋರ್ಟು ನಿಯಮ 15(1) ಕಾಯ್ದೆಗೆ ವಿರುದ್ಧ ಅಂತ ಹೇಳಿ, ಕಡ್ಡಾಯ ನಿಯಮ ಮಾಡಲು ಕೇಂದ್ರಕ್ಕೆ ಮೂರು ತಿಂಗಳು ಕೊಟ್ಟಿತು.

ಇದು ನಮಗೆ ಎಷ್ಟು ಮುಖ್ಯ ಅಂದರೆ, ನಾನು ಹೋಗುವ ಒಂದು ಬ್ಯಾಂಕಿನಲ್ಲಿ ರ‍್ಯಾಂಪ್ ಇದೆ. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಇರಬೇಕಾದ್ದು ಅಲ್ಲಿ ನಾಲ್ಕೇ ಅಡಿ. ಹತ್ತಿದ ಮೇಲೆ ಬಾಗಿಲಿಗೆ ಇನ್ನೊಂದು ಮೆಟ್ಟಿಲು. ಕೇಳಿದರೆ "ರ‍್ಯಾಂಪ್ ಹಾಕಿಸಿದ್ದೀವಲ್ಲ ಸಾರ್" ಅನ್ನುತ್ತಾರೆ. ಕಡ್ಡಾಯ ಅಳತೆ ಇದ್ದರೆ ಆ ಮಾತು ನಡೆಯಲ್ಲ.

ಪುಟ್ಟನ ಅಮ್ಮ:
ಖರ್ಚಿನ ಪ್ರಶ್ನೆ ಸೇರಿಸಮ್ಮಾ, ಮರೀಬೇಡ. ನನ್ನ ಮಗನಿಗೆ ಸೆರೆಬ್ರಲ್ ಪಾಲ್ಸಿ, ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಬರಲ್ಲ. ಥೆರಪಿಗೆ ಹೋದ ದಿನ ಆಟೋ ದುಡ್ಡು ಹೋಗುತ್ತೆ, ನನ್ನ ಗಾರ್ಮೆಂಟ್ಸ್ ಸಂಬಳವೂ ಕಟ್. ಪಕ್ಕದ ಮನೆಯವರದೂ ನಮ್ಮದೂ ಆದಾಯ ಒಂದೇ ಅಂತ ಫಾರಂನಲ್ಲಿ ಬರೆದುಕೊಳ್ಳುತ್ತಾರೆ, ನಮ್ಮ ಕೈಯಲ್ಲಿ ಉಳಿಯೋದನ್ನ ಯಾರೂ ಕೇಳಲ್ಲ. ಅಮರ್ತ್ಯ ಸೇನ್ ಕೂಡ ಇದನ್ನೇ ಹೇಳಿದ್ದಾರೆ, ಅದೇ ದುಡ್ಡಲ್ಲಿ ಅಂಗವಿಕಲರು ಅಷ್ಟೇ ಬದುಕು ಕಟ್ಟಿಕೊಳ್ಳೋಕೆ ಆಗಲ್ಲ ಅಂತ.

ಮಲೆನಾಡ ಹುಡುಗಿ:
ತುಂಬಾ ಥ್ಯಾಂಕ್ಸ್. ಆರು ಪ್ರಶ್ನೆ, ಖರ್ಚು ಎರಡನ್ನೂ ಸೇರಿಸುತ್ತೇನೆ. ಊರುಗೋಲು ಅಣ್ಣಾ, ಮನೆಯವರೇ ಮುಂದೆ ಬಂದು ಉತ್ತರ ಕೊಟ್ಟರೆ ಏನು ಮಾಡಲಿ?

ಊರುಗೋಲು:
ಮೊದಲು ತೊಂದರೆ ಇರುವವರನ್ನೇ ಕೇಳಿ, ಎಷ್ಟು ಹೊತ್ತಾದರೂ ಸರಿ. ಆಗದಿದ್ದರೆ ಮನೆಯವರನ್ನು ಕೇಳಿ, ಯಾರು ಹೇಳಿದ್ದು ಅಂತ ಪಕ್ಕದಲ್ಲಿ ಬರೆದುಕೊಳ್ಳಿ.

ಇನ್ನೊಂದು ಮಾತು. ವರದಿ ಕಾಲೇಜಿಗೆ ಕೊಟ್ಟು ಸುಮ್ಮನಾಗಬೇಡಿ. ಪಂಚಾಯಿತಿ ಅನುದಾನದಲ್ಲಿ ಶೇ 5 ಅಂಗವಿಕಲರಿಗೆ ಅಂತಲೇ ಇರುತ್ತದೆ. ಯಾರಿಗೆ ಏನು ಬೇಕು ಅಂತ ಪಟ್ಟಿ ಇಲ್ಲದೆ ಅದು ಎಲ್ಲೆಲ್ಲೋ ಖರ್ಚಾಗುತ್ತದೆ. ಅಂಗವಿಕಲರ ವಿಶೇಷ ಗ್ರಾಮಸಭೆ ಯಾವಾಗ ಅಂತ ನಿಮ್ಮೂರಿನ ವಿ.ಆರ್.ಡಬ್ಲ್ಯೂ ಹತ್ತಿರ ಕೇಳಿ. ಎಷ್ಟು ಜನಕ್ಕೆ ಏನು ಬೇಕು ಅನ್ನುವ ಲೆಕ್ಕ ಅಲ್ಲಿ ಓದಿ ಹೇಳಿ, ಹೆಸರು ಅವರು ಒಪ್ಪಿದರೆ ಮಾತ್ರ. ನಡಾವಳಿ ಪುಸ್ತಕದಲ್ಲಿ ಬರೆಸಿ, ಒಂದು ಪ್ರತಿ ಇಸಕೊಳ್ಳಿ. ಚಿಕ್ಕಪ್ಪನನ್ನೂ ಕರೆದುಕೊಂಡು ಹೋಗಿ, ಬೀದಿ ದೀಪ ಬೇಕು ಅಂತ ಅವರೇ ಕೇಳಲಿ.