ಮನಿ ಪ್ಲಾಂಟು ಮತ್ತು ಮಾರ್ಜಾಲ ಮಹಾಶಯರು

ಸೀನ: ಮನಿ ಪ್ಲಾಂಟ್ ಬೆಕ್ಕಿಗೆ ವಿಷ ಅಂತಾರಲ್ಲ, ನಿಜಾನಾ?

ವೆಂಕಿ: ವಿಷ ಅನ್ನೋದಕ್ಕಿಂತ ಸೂಜಿ ಡಬ್ಬಿ ಅನ್ನು. ಎಲೆ, ಕಾಂಡ, ಬೇರು ಎಲ್ಲದರಲ್ಲೂ ಕ್ಯಾಲ್ಸಿಯಂ ಆಕ್ಸಲೇಟಿನ ಮೊನಚು ಹರಳು. ಕಚ್ಚಿದ್ದೇ ತಡ, ನಾಲಿಗೆಗೂ ಒಸಡಿಗೂ ನಾಟಿಕೊಳ್ಳುತ್ತೆ. ಆಮೇಲೆ ಜೊಲ್ಲು, ಮುಂಗಾಲಲ್ಲಿ ಬಾಯಿ ಕೆರೆದುಕೊಳ್ಳೋದು, ಒಮ್ಮೊಮ್ಮೆ ವಾಂತಿ.

ಪದ್ಮ: ಸರಿ ಬಿಡು, ಒಂದು ಸಲ ಉರಿ ತಿಂದ್ರೆ ಬುದ್ಧಿ ಬರುತ್ತೆ.

ವೆಂಕಿ: ಬೆಕ್ಕಿಗೆ? ನೀನು ಸಾಕಿಲ್ಲ ಅನ್ನೋದು ಗೊತ್ತಾಯ್ತು ಕಣೇ.

ಸೀನ: ತಿಂದುಬಿಟ್ರೆ ಉಪ್ಪುನೀರು ಕುಡಿಸಿ ಕಕ್ಕಿಸೋದು ತಾನೇ?

ವೆಂಕಿ: ಅಯ್ಯೋ, ಬೇಡ ಮಾರಾಯ! ಇಳಿಯುವಾಗ ಚುಚ್ಚಿದ್ದು ಹತ್ತುವಾಗಲೂ ಚುಚ್ಚುತ್ತೆ. ಮೇಲಿಂದ ಆ ಉಪ್ಪೇ ಬೆಕ್ಕಿಗೆ ವಿಷವಾಗಬಹುದು. ಬಾಯಲ್ಲಿ ಉಳಿದ ಚೂರು ತೆಗಿ, ಒದ್ದೆ ಬಟ್ಟೇಲಿ ಒರೆಸು, ಕುಡಿಯೋಕೆ ನೀರಿಡು. ಸಾಮಾನ್ಯವಾಗಿ ಕೆಲವು ಗಂಟೇಲಿ ಸರಿಹೋಗುತ್ತೆ. ಗಂಟಲು ಊದಿ ಉಸಿರಾಡೋಕೆ ಕಷ್ಟಪಟ್ರೆ ಮಾತ್ರ ಒಂದು ಕ್ಷಣವೂ ಕಾಯದೆ ಡಾಕ್ಟರ ಹತ್ರ ಓಡು.

ಸೀನ: ಕುಂಡಾನ ಎತ್ತರಕ್ಕೆ ನೇತುಹಾಕ್ತೀನಿ.

ವೆಂಕಿ: ನೇತುಹಾಕು, ಬಳ್ಳಿ ಒಂದಡಿ ಜೋತುಬಿದ್ರೆ ಅದೇ ಅದರ ಆಟದ ಸಾಮಾನು. ಐದಡಿ ನೆಗೆಯೋದು ಅದಕ್ಕೆ ಲೆಕ್ಕಕ್ಕೇ ಇಲ್ಲ. ಪಕ್ಕದಲ್ಲಿ ಬೀರು ಇದ್ರಂತೂ ಮೆಟ್ಟಿಲು ಕಟ್ಟಿಕೊಟ್ಟಂಗೆ. ಬಳ್ಳಿ ಕತ್ತರಿಸ್ತಾ ಇರು, ಉದುರಿದ ಎಲೆ ಆಗಾಗ ಹೆಕ್ಕು.

ಪದ್ಮ: ಇಷ್ಟೆಲ್ಲ ರಗಳೆ ಯಾಕೆ? ಅದನ್ನ ಕಿತ್ತೆಸೆದು ಚೆಂದಕ್ಕೊಂದು ಲಿಲ್ಲಿ ನೆಡೋಣ.

ವೆಂಕಿ: ಕೊಲೆಗಾತಿ! ಮನಿ ಪ್ಲಾಂಟ್ ಬಾಯಿ ಸುಡುತ್ತೆ, ಲಿಲ್ಲಿ ಮೂತ್ರಪಿಂಡಾನೇ ಮುಗಿಸುತ್ತೆ. ಈಸ್ಟರ್ ಲಿಲ್ಲಿ, ಟೈಗರ್ ಲಿಲ್ಲಿ, ಡೇ ಲಿಲ್ಲಿ, ಯಾವುದೂ ಬೇಡ. ತಿನ್ನಲೇಬೇಕು ಅಂತಿಲ್ಲ. ಮೈಗೆ ಅಂಟಿದ ಪರಾಗ ನೆಕ್ಕಿದ್ರೂ, ಹೂದಾನಿಯ ನೀರು ಕುಡಿದ್ರೂ ಸಾಕು. ಮೊದಲು ವಾಂತಿ, ಮಂಕು. ಆಮೇಲೆ ಸ್ವಲ್ಪ ಚೇತರಿಸಿಕೊಂಡ ಹಾಗೆ ಕಾಣಬಹುದು. ಅದನ್ನ ನಂಬಬೇಡಿ, ಒಂದರಿಂದ ಮೂರು ದಿನದೊಳಗೆ ಮೂತ್ರಪಿಂಡ ಕೈಕೊಡುತ್ತೆ. 18 ಗಂಟೆ ದಾಟೋದ್ರೊಳಗೆ ಡ್ರಿಪ್ ಶುರುವಾದ್ರೆ ಉಳಿಯೋ ಅವಕಾಶ ಚೆನ್ನಾಗಿರುತ್ತೆ. ತಿಂತೋ ಇಲ್ವೋ ಅಂತ ಅನುಮಾನ ಇದ್ರೂ ತಿಂದಿದೆ ಅಂತಲೇ ಹೊರಡಬೇಕು.

ಪದ್ಮ: ಪೀಸ್ ಲಿಲ್ಲಿ?

ವೆಂಕಿ: ಅದು ಸೂಜಿ ಡಬ್ಬಿ ಪಂಗಡ. ಹೆಸರಿಗಷ್ಟೇ ಲಿಲ್ಲಿ.

ಸೀನ: ಹಾಗಾದ್ರೆ ಏನು ಬೆಳೆಸೋದಪ್ಪಾ?

ವೆಂಕಿ: ಸ್ಪೈಡರ್ ಪ್ಲಾಂಟ್, ಅರೆಕಾ ಪಾಮ್ ಇಡು, ವಿಷವಿಲ್ಲ. ಸೈಕಾಸನ್ನೂ ಪಾಮ್ ಅಂತ ಮಾರ್ತಾರೆ, ಅದು ಯಕೃತ್ತು ಕೆಡಿಸುತ್ತೆ, ಬೀಜವಂತೂ ಇನ್ನೂ ಘೋರ. ಜೊತೆಗೆ ಬೆಕ್ಕಿಗೇ ಅಂತ ಒಂದು ಕುಂಡ ಗೋಧಿ ಹುಲ್ಲು. ಗೋಧಿ ರಾತ್ರಿ ನೆನೆಸಿ, ಮಣ್ಣಿನ ಮೇಲೆ ಒತ್ತಾಗಿ ಹರಡಿ, ಅರ್ಧ ಇಂಚು ಮಣ್ಣು ಮುಚ್ಚು. ನೀರು ಚಿಮುಕಿಸಿದ್ರೆ ಸಾಕು, ನಿಂತ್ರೆ ಬೂಷ್ಟು ಹಿಡಿಯುತ್ತೆ. ಹತ್ತು ದಿನದ ಆಸುಪಾಸು ಮೇಯೋಕೆ ಬರುತ್ತೆ.

ಸೀನ: ಅದನ್ನ ತಿಂದ್ರೆ ವಾಂತಿ ಮಾಡಲ್ಲ ತಾನೇ?

ವೆಂಕಿ: ಮಾಡುತ್ತೆ. ಹುಲ್ಲು ತಿಂದು ಒಮ್ಮೊಮ್ಮೆ ಕಕ್ಕೋದು ಬೆಕ್ಕಿಗೆ ಸಹಜ, ಗಾಬರಿ ಬೇಡ.

ಪದ್ಮ: ಎಲ್ಲಿ ಕಕ್ಕುತ್ತೆ?

ವೆಂಕಿ: ಮನೇಲಿ ತೊಳೆಯೋಕೆ ಅತಿ ಕಷ್ಟವಾದದ್ದು ಯಾವುದಿದೆಯೋ, ಅದರ ಮೇಲೆ.