ಪಿ.ಜಿ. ಸ್ನಾನಗೃಹದಲ್ಲಿ ಗುಪ್ತ ಚಿತ್ರೀಕರಣ: ದೂರು ಕೊಟ್ಟವರು, ಬಿಟ್ಟವರು ಅನುಭವ ತಿಳಿಸಿ

ಪ್ರಶ್ನೆ (ಹಿಂಜೇವಾಡಿ, ಪುಣೆ): ನನ್ನ ತಂಗಿ ಇರುವ ಪಿ.ಜಿ.ಯ ಸ್ನಾನಗೃಹದ ಗವಾಕ್ಷಿಯಲ್ಲಿ ಕಳೆದ ವಾರ ಚಿತ್ರೀಕರಣ ನಡೆಸುತ್ತಿದ್ದ ಮೊಬೈಲ್ ಸಿಕ್ಕಿತು. ಅದು ಮಾಲೀಕರ ಸಂಬಂಧಿಯದು. ಠೇವಣಿಯನ್ನು ಪೂರ್ತಿ ಹಿಂದಿರುಗಿಸುತ್ತೇವೆ, ಮೊಬೈಲ್ ಕೊಟ್ಟು ವಿಷಯವನ್ನು ಇಲ್ಲಿಗೇ ಬಿಡಿ ಎನ್ನುತ್ತಿದ್ದಾರೆ. ಊರಿನಲ್ಲಿ ಅಪ್ಪ ಅಮ್ಮನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?

ಡೊಂಬಿವಲಿಯ ತಾಯಿ: ನಾವು ದೂರು ಕೊಟ್ಟೆವು. 2022ರಲ್ಲಿ ಎದುರು ಮನೆಯವನು ನನ್ನ ಮಗಳು ಬಟ್ಟೆ ಬದಲಿಸುವುದನ್ನು ಕಿಟಕಿಯಿಂದ ಚಿತ್ರೀಕರಿಸಿದ್ದ. ಆಗಿನ ಭಾರತೀಯ ದಂಡ ಸಂಹಿತೆಯ 354ಸಿ (ಹೆಣ್ಣಿನ ಖಾಸಗಿ ಕ್ಷಣವನ್ನು ಕದ್ದು ನೋಡುವುದು, ಚಿತ್ರೀಕರಿಸುವುದು) ಮತ್ತು ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯ 66ಇ (ಒಪ್ಪಿಗೆಯಿಲ್ಲದೆ ಯಾರದೇ ಖಾಸಗಿ ಅಂಗದ ಚಿತ್ರ ತೆಗೆಯುವುದು) ಹಾಕಿದರು. ಮೊದಲ ಅಪರಾಧಕ್ಕೆ ಎರಡೂ ಜಾಮೀನು ಸಿಗುವಂಥವು, ಹಾಗಾಗಿ ಅವನು ಅದೇ ಸಂಜೆ ನಮ್ಮ ಲಿಫ್ಟಿನಲ್ಲೇ ಮೇಲೆ ಬಂದ. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ. ನಮ್ಮಲ್ಲಿ ಕೆಳಗಿನವರೇ ಮಾಡಿದ್ದರಿಂದ ಕಾಗದಪತ್ರಗಳನ್ನು ಹೊಸದಾಗಿ ಬರೆಯಲು ನಾಲ್ಕು ತಿಂಗಳು ಹೋಯಿತು. ಮೊಬೈಲ್ ಪ್ರಯೋಗಾಲಯದಿಂದ ಬರಲು 13 ತಿಂಗಳು. ಕಲ್ಯಾಣ ನ್ಯಾಯಾಲಯಕ್ಕೆ 19 ಬಾರಿ ಹೋಗಿದ್ದೇನೆ, ಅದರಲ್ಲಿ 11 ಬಾರಿ ಬರೀ ಮುಂದಿನ ತಾರೀಖು. ಸರ್ಕಾರಿ ವಕೀಲರಿಗೆ ನೆರವಾಗಲೆಂದು ನೇಮಿಸಿಕೊಂಡ ವಕೀಲರಿಗೆ 45,000 ರೂಪಾಯಿ. ಮಗಳ ಒಂದು ಸೆಮಿಸ್ಟರ್ ಕೈತಪ್ಪಿತು. ತೀರ್ಪು ಇನ್ನೂ ಬಂದಿಲ್ಲ, ಆದರೂ ದೂರು ಕೊಟ್ಟದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ.

ವಾಸ್ಕೋದ ನೌಕರ: ಮೇಡಂ, 19 ರಜೆ ಹಾಕಲು ಸಾಧ್ಯವಿರುವವರ ಮಾತು ಬೇರೆ. ನಾನು ಗುತ್ತಿಗೆ ಕೆಲಸದವನು. 2019ರಲ್ಲಿ ಒಂದು ಬಟ್ಟೆ ಅಂಗಡಿಯ ಬಟ್ಟೆ ಬದಲಿಸುವ ಕೋಣೆಯಲ್ಲಿ ನನ್ನ ಹೆಂಡತಿಯನ್ನು ಹುಡುಗನೊಬ್ಬ ಚಿತ್ರೀಕರಿಸಿದ. ವಿಡಿಯೊ ಅಳಿಸಿಹಾಕಿ, ಕ್ಷಮೆ ಕೇಳಿಸಿ ಮನೆಗೆ ಬಂದೆವು. ಎಂಟು ತಿಂಗಳ ನಂತರ ಅದೇ ವಿಡಿಯೊ ಹುಬ್ಬಳ್ಳಿಯ ನಮ್ಮ ಸಂಬಂಧಿಕರ ವಾಟ್ಸ್ಯಾಪಿಗೆ ಬಂತು. ಮಾವ ಎರಡು ವರ್ಷ ನನ್ನೊಡನೆ ಮಾತಾಡಲಿಲ್ಲ.

ಚೆಂಬೂರಿನ ತಂದೆ: ಎಲ್ಲರೂ 354ಸಿ ಎನ್ನುತ್ತಿದ್ದೀರಿ. 2024ರ ಜುಲೈ 1ರಿಂದ ನಡೆದ ಕೃತ್ಯಕ್ಕೆ, ದಂಡ ಸಂಹಿತೆಯ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 77ನೇ ಕಲಂ ಅನ್ವಯಿಸುತ್ತದೆ. ಶಿಕ್ಷೆ ಅದೇ: ಮೊದಲ ಸಲ 1ರಿಂದ 3 ವರ್ಷ, ಮತ್ತೆ ಮಾಡಿದರೆ 3ರಿಂದ 7 ವರ್ಷ. ಆರೋಪಿ ಈಗ ಯಾರೇ ಆಗಿರಬಹುದು, ಆದರೆ ನೊಂದವಳು ಹೆಣ್ಣೇ ಆಗಿರಬೇಕು. ನನ್ನ ಮಗನನ್ನು ಹಾಸ್ಟೆಲಿನಲ್ಲಿ ಸ್ನಾನ ಮಾಡುವಾಗ ಚಿತ್ರೀಕರಿಸಿದಾಗ ನಮಗೆ ಉಳಿದದ್ದು 66ಇ ಒಂದೇ. 3 ವರ್ಷದವರೆಗೆ ಸೆರೆ ಅಥವಾ 2 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಗಂಡು ಹುಡುಗನಿಗೆ ಏನಾಗುತ್ತದೆ ಎಂದು ಠಾಣೆಯಲ್ಲಿ ಕೇಳಿದರು. ಅವನು ಇಂದಿಗೂ ಬಾಗಿಲಿಗೆ ಒಳಗಿನಿಂದ ಟವೆಲ್ ಸಿಕ್ಕಿಸಿಯೇ ಸ್ನಾನ ಮಾಡುತ್ತಾನೆ.

ಡೊಂಬಿವಲಿಯ ತಾಯಿ: ನಮ್ಮದು 2022ರ ಪ್ರಕರಣ, ಅದಕ್ಕೆ 354ಸಿಯೇ ಸರಿ, ಓದಿ ಉತ್ತರಿಸಿ. ನಿಮ್ಮ ಮಗನ ನೋವು ನನಗೆ ಅರ್ಥವಾಗುತ್ತದೆ, ಆದರೆ ಕೇಳಿದವರದು ತಂಗಿಯ ವಿಷಯ.

ಚೆಂಬೂರಿನ ತಂದೆ: ನಿಮ್ಮ 19 ತಾರೀಖುಗಳೂ ತಂಗಿಯ ವಿಷಯವಲ್ಲ. ಹುಡುಗರ ಮಾತು ಬಂದಾಗಲೆಲ್ಲ ಇದೇ ಉತ್ತರ ಸಿಗುತ್ತದೆ, ಠಾಣೆಯಲ್ಲೂ ಇಲ್ಲೂ.

ಡೊಂಬಿವಲಿಯ ತಾಯಿ: ನಿಮ್ಮೊಡನೆ ವಾದ ಬೇಡ. ಪ್ರಶ್ನೆ ಕೇಳಿದವರೇ, ಆ ಮೊಬೈಲನ್ನು ಮಾಲೀಕರಿಗೆ ಮಾತ್ರ ಕೊಡಬೇಡಿ, ತೆರೆದು ನೋಡಲೂ ಬೇಡಿ. ಪೊಲೀಸರು ಪಂಚನಾಮೆ ಮಾಡಿ ವಶಪಡಿಸಿಕೊಳ್ಳಲಿ. ತಂಗಿ ಊರಿಗೆ ಹೋಗಿದ್ದರೆ ಅಲ್ಲಿಯ ಠಾಣೆಯಲ್ಲೂ ಝೀರೋ ಎಫ್‌ಐಆರ್ (ಘಟನೆ ಎಲ್ಲೇ ನಡೆದಿದ್ದರೂ ಯಾವುದೇ ಠಾಣೆಯಲ್ಲಿ ದಾಖಲಿಸುವ ದೂರು) ಕೊಡಬಹುದು. ವಾಸ್ಕೋದವರು ಆ ಅಂಗಡಿಯವರಿಗೆ ಅಳಿಸಲು ಬಿಟ್ಟದ್ದೇ ತಪ್ಪು. ವಿಡಿಯೊ ಹರಡಿದ್ದು ಇನ್ನೊಂದು ಅಪರಾಧ, ಆಗಲೂ ನೀವು ಸುಮ್ಮನಿದ್ದಿರಿ.

ವಾಸ್ಕೋದ ನೌಕರ: ಅಂಗಡಿಯವರು ಅಳಿಸಲಿಲ್ಲ, ಮೇಡಂ. ಅವನ ಕೈಯಿಂದ ಮೊಬೈಲ್ ಕಸಿದುಕೊಂಡು ಅಳಿಸಿದ್ದು ನಾನೇ. ಅಷ್ಟರೊಳಗೆ ಅವನು ಅದನ್ನು ಬೇರೊಬ್ಬನಿಗೆ ಕಳಿಸಿರಬಹುದೆಂದು ನನಗೆ ಹೊಳೆಯಲೇ ಇಲ್ಲ. ವಿಡಿಯೊ ಹರಡಿದಾಗ ಠಾಣೆಗೆ ಹೋಗೋಣ ಎಂದವಳು ನನ್ನ ಹೆಂಡತಿ, ಬೇಡ ಎಂದವನೂ ನಾನೇ.