69ರ ಕಮಾರೊ ಗೇರ್ ಶಿಫ್ಟರ್ ಬದಲಿಸಬೇಕು, ಮಾಡಿದವರು ಹೇಳಿ

ಪ್ರಶ್ನೆ (ಮಿಶಿಗನ್‌ನಿಂದ): ನನ್ನ ಹತ್ತಿರ 1969ರ ಷೆವರ್ಲೆ ಕಮಾರೊ ಇದೆ. ನಾಲ್ಕು ಗೇರಿನ, ಮನ್ಸಿ ಎಂಬ ಮಾದರಿಯ ಗೇರ್‌ಬಾಕ್ಸ್. ಗೇರಿಗೆ ಹಾಕಿದ ಮೇಲೂ ಲಿವರ್ ಲೊಡಲೊಡ ಅಲ್ಲಾಡುತ್ತದೆ. ಎರಡರಿಂದ ಮೂರಕ್ಕೆ ಹೋಗುವಾಗ ಒಮ್ಮೊಮ್ಮೆ ನಡುವೆ ಸಿಕ್ಕಿಕೊಳ್ಳುತ್ತದೆ. ಹೊಸ ಶಿಫ್ಟರ್ (ಲಿವರ್ ಕೂರುವ, ಗೇರ್ ಬದಲಿಸುವ ಭಾಗ), ಹರ್ಸ್ಟ್ ಕಂಪನಿಯ ಕಾಂಪಿಟಿಷನ್ ಪ್ಲಸ್, ಹಾಕೋಣ ಅಂತಿದ್ದೇನೆ. ಗೇರ್‌ಬಾಕ್ಸ್ ಇಳಿಸಬೇಕಾ? ಮನೆಯಲ್ಲೇ ಮಾಡಬಹುದಾ?

ಓಹಾಯೊದಿಂದ: ಇಳಿಸೋದು ಬೇಡ ಸರ್. ಶಿಫ್ಟರ್ ಗೇರ್‌ಬಾಕ್ಸಿನ ಹೊರಗೇ ಇರುತ್ತದೆ. ಒಳಗಿನಿಂದ ಲಿವರಿನ ರಬ್ಬರ್ ಬೂಟ್ ಬಿಚ್ಚಿ, ಉಳಿದ ಕೆಲಸ ಕೆಳಗಿನಿಂದ ಮಾಡಿ. ಗಾಡಿಯನ್ನು ಸ್ಟ್ಯಾಂಡ್ ಮೇಲೆ ಕೂರಿಸಿ. ಬರೀ ಜ್ಯಾಕ್ ನಂಬಿ ಕೆಳಗೆ ನುಗ್ಗಲೇಬೇಡಿ.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿ. ಇಂಜಿನ್ ಆಫ್ ಮಾಡಿ, ಮನೆಯವರಿಗೆ ಲಿವರ್ ಆಡಿಸಲು ಹೇಳಿ, ನೀವು ಕೆಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಶಿಫ್ಟರಿನಿಂದ ಮೂರು ರಾಡ್ ಹೊರಡುತ್ತವೆ: ಒಂದು-ಎರಡಕ್ಕೆ, ಮೂರು-ನಾಲ್ಕಕ್ಕೆ, ರಿವರ್ಸಿಗೆ. ರಾಡಿನ ತುದಿ ಕೂರುವ ಬುಶ್ (ಸಣ್ಣ ಬಳೆ) ಸವೆದಿದ್ದರೆ ತೂತು ಮೊಟ್ಟೆಯಾಕಾರಕ್ಕೆ ಬಂದಿರುತ್ತದೆ, ರಾಡ್ ಅದರೊಳಗೆ ಕುಣಿಯುತ್ತದೆ. ನನ್ನ ಗಾಡಿಯಲ್ಲಿ ತೊಂದರೆ ಇದ್ದದ್ದು ಅಲ್ಲೇ. ಬುಶ್, ಕ್ಲಿಪ್ ಬದಲಿಸಿದೆ, ಅಲ್ಲಾಟ ಹೋಯಿತು. ಶಿಫ್ಟರ್ ಹಳೆಯದೇ ಇದೆ. ಸ್ಟೀಲ್ ಬುಶ್ ನೈಲಾನಿಗಿಂತ ಜಾಸ್ತಿ ಬಾಳುತ್ತದೆ, ಸದ್ದು ಸ್ವಲ್ಪ ಒಳಗೆ ಬರುತ್ತದೆ ಅಷ್ಟೇ.

ಟೆಕ್ಸಾಸ್‌ನಿಂದ: ಬುಶ್ ಮೊದಲು ನೋಡಬೇಕು ಅನ್ನೋದು ಸರಿ. ಆದರೆ ರಾಡ್ ಗಟ್ಟಿ ನಿಂತು, ಶಿಫ್ಟರಿನೊಳಗೇ ಲಿವರ್ ಓಲಾಡುತ್ತಿದ್ದರೆ ಬದಲಿಸಿಬಿಡಿ. ನಾನು ಬದಲಿಸಿದ್ದು ಅದಕ್ಕೇ. ರಾಡು, ಪ್ಲೇಟುಗಳ ಕಿಟ್ ಗೇರ್‌ಬಾಕ್ಸಿಗೆ ತಕ್ಕಂತೆ ಬೇರೆ ಬೇರೆ. ನಿಮ್ಮದು ಮನ್ಸಿಯೇ ಅಂತ ಖಾತ್ರಿ ಮಾಡಿಕೊಳ್ಳಿ. ಮನ್ಸಿಯಲ್ಲಿ ರಿವರ್ಸ್ ಲಿವರ್ ಹಿಂತುದಿಯ ಕವಚದ (ಟೈಲ್ ಹೌಸಿಂಗ್) ಮೇಲಿರುತ್ತದೆ. ಸ್ಯಾಗಿನಾ ಎಂಬ ಇನ್ನೊಂದು ಮಾದರಿಯಲ್ಲಿ ಮೂರೂ ಲಿವರ್ ಪಕ್ಕದ ಕವರ್ ಮೇಲೇ ಇರುತ್ತವೆ.

ಇಡೀ ಕೆಲಸದ ಜೀವ ಇರೋದು ನ್ಯೂಟ್ರಲ್ ಹೊಂದಿಸೋದರಲ್ಲಿ. ಗೇರ್‌ಬಾಕ್ಸಿನ ಮೂರೂ ಲಿವರ್ ನ್ಯೂಟ್ರಲ್‌ಗೆ ತನ್ನಿ. ಶಿಫ್ಟರಿನ ತೂತಿಗೆ ಕಾಲು ಇಂಚಿನ ಪಿನ್ ತೂರಿಸಿ. ಅದೇ ಅಳತೆಯ ಡ್ರಿಲ್ ಬಿಟ್ ಆದರೂ ಆಗುತ್ತದೆ. ಈಗ ಒಂದೊಂದೇ ರಾಡಿನ ಉದ್ದ ತಿರುಗಿಸಿ ಸರಿಮಾಡಿ. ತುದಿ ಬುಶ್ಶಿನೊಳಗೆ ತಾನಾಗಿ ಜಾರಿ ಕೂರಬೇಕು. ಒತ್ತಿ ಕೂರಿಸಬೇಕಾಗಿ ಬಂದರೆ ಇನ್ನೂ ಅರ್ಧ ಸುತ್ತು ತಿರುಗಿಸಿ ನೋಡಿ. ಎರಡರಿಂದ ಮೂರಕ್ಕೆ ಸಿಕ್ಕಿಕೊಳ್ಳೋದು ಸಾಮಾನ್ಯವಾಗಿ ಇದು ತಪ್ಪಿದಾಗಲೇ.

ಆಮೇಲೆ ಲಿವರ್ ಅತಿಯಾಗಿ ಹೋಗದಂತೆ ತಡೆಯುವ ಎರಡು ಸ್ಟಾಪ್ ಬೋಲ್ಟ್ ಹೊಂದಿಸಿ. ಮೂರನೇ ಗೇರಿಗೆ ತಳ್ಳಿ ಹಿಡಿದು, ಬೋಲ್ಟ್ ತಾಗುವವರೆಗೆ ತಿರುಗಿಸಿ. ಲಿವರ್ ಬಿಟ್ಟು, ಒಂದು ಸುತ್ತು ಹಿಂದಕ್ಕೆ ತಂದು ನಟ್ ಬಿಗಿ ಮಾಡಿ. ನಾಲ್ಕಕ್ಕೂ ಹಾಗೇ. ಸುಮ್ನೆ ಬಿಟ್ಟರೆ ಜೋರಾಗಿ ಗೇರ್ ಹಾಕಿದಾಗಲೆಲ್ಲ ಪೆಟ್ಟು ಒಳಗೆ ಗೇರ್ ಸರಿಸುವ ಫೋರ್ಕಿಗೆ ಬೀಳುತ್ತದೆ.

ಕ್ಯಾಲಿಫೋರ್ನಿಯಾದಿಂದ: 69ರ ಗಾಡಿಯಲ್ಲಿ ಇನ್ನೊಂದಿದೆ. ಆ ವರ್ಷದಿಂದ ಕೀಲಿ ಸ್ಟೀರಿಂಗ್ ಕಾಲಮ್ಮಿಗೆ ಬಂತು. ರಿವರ್ಸಿಗೆ ಹಾಕಿದರೇನೇ ಲಾಕ್ ಆಗಿ ಕೀಲಿ ಹೊರಗೆ ಬರೋದು. ಅದಕ್ಕೆ ರಿವರ್ಸ್ ಕಡೆಯಿಂದ ಕಾಲಮ್ಮಿಗೆ ಒಂದು ರಾಡ್ ಹೋಗುತ್ತದೆ. ಬಿಚ್ಚುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ, ವಾಪಸ್ ಹಾಕಿದ ಮೇಲೆ ಕೀಲಿ ಬರುತ್ತಾ ನೋಡಿ. ರಿವರ್ಸ್ ಲೈಟನ್ನೂ ನೋಡಿ. ಹಳೇ ಶಿಫ್ಟರ್ ದಯವಿಟ್ಟು ಬಿಸಾಡಬೇಡಿ. ಆ ವರ್ಷದ ನಾಲ್ಕು ಗೇರಿನ ಕಮಾರೊಗೆ ಕಾರ್ಖಾನೆಯಿಂದಲೇ ಹರ್ಸ್ಟ್ ಬಂದಿತ್ತು. ಮುಂದೆ ಗಾಡಿ ಕೊಳ್ಳುವವರು ಅದನ್ನೇ ಮೊದಲು ಕೇಳುತ್ತಾರೆ.